ಹಲ್ಲಿನ ಅಚ್ಚು

ಮುಂದಿನ ಸಾಲಿನವನ ಕತ್ತಿನ ಮಡಿಕೆಯಲ್ಲಿ ಬೇಯಿಸಿದ ಮೊಟ್ಟೆಯ ಹಳದಿ ಪುಡಿ, ತಿಂದ ಕೈಯಲ್ಲೇ ಕೆರ್ಕೊಂಡಿದ್ದಾನೆ, ಈಗ ಬೆವರಿಗೆ ಕಲಸಿಹೋಗಿ ಕಾಲರ್ ಕಡೆ ಇಳೀತಾ ಇದೆ, ನೋಡಬಾರದು ಅಂದ್ಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗತ್ತೆ, ಯಾರ ಅಪ್ಪನೋ ಪುಣ್ಯಾತ್ಮ, ಕೆಂಪು ಅಂಗಿಯ ಹುಡುಗೀರು ಬಾಸ್ಕೆಟ್ ಹಾಕಿದ ಕೂಡ್ಲೆ ಎದ್ದು ನಿಂತು ಚಪ್ಪಾಳೆ ಹೊಡೀತಾನೆ, ಮಡಿಲಲ್ಲಿದ್ದ ಸಿಪ್ಪೆ ಎಲ್ಲ ಚೆಲ್ಲಾಪಿಲ್ಲಿ, ಮತ್ತೆ ಕೂತ್ಕೋತಾನೆ, ಕೂತಾಗ ಪ್ಲಾಸ್ಟಿಕ್ ಕುರ್ಚಿಗೆ ಅಂಟಿದ ಚಡ್ಡಿಯಿಂದ ಒಂಥರಾ ಚಪ್ ಅನ್ನೋ ಸದ್ದು — ನನಗೆ ಹೊಟ್ಟೆ ತೊಳಸ್ತಾ ಇದೆ, ನನಗೆ! ದೊಡ್ಡಾಸ್ಪತ್ರೆ ಲಾಂಡ್ರಿಯಲ್ಲಿ ಬೆಳಗಿಂದ ಸಂಜೆವರೆಗೆ ರಕ್ತದ ಚಾದರ, ಕೀವಿನ ಬ್ಯಾಂಡೇಜು, ಹೆರಿಗೆ ವಾರ್ಡಿನ ಗಂಟುಗಂಟು ಬಟ್ಟೆ ಬಿಚ್ಚಿ ನೋಡಿ ಯಂತ್ರಕ್ಕೆ ಹಾಕೋಳು ನಾನು, ಹಾಕಿ ಕೈ ತೊಳ್ಕೊಂಡು ಅಲ್ಲೇ ಸ್ಟೂಲ್ ಎಳ್ಕೊಂಡು ಡಬ್ಬಿ ಬಿಚ್ಚಿ ಊಟ ಮಾಡೋಳು, ಇವಳಿಗೆ ದೇವರು ಮೂಗು ಇಟ್ಟಿದ್ದು ಬರೀ ಮೂಗುತಿಗೆ ಅಂತ ಜೊತೆಯವರು ಆಡ್ಕೋತಾರೆ, ಅಂಥಾದ್ರಲ್ಲಿ ಈ ಕ್ರೀಡಾಂಗಣಕ್ಕೆ ಕಾಲಿಟ್ಟಾಗಿಂದ ಎಲ್ಲ ವಾಕರಿಕೆ, ಪಕ್ಕದ ಈಜುಕೊಳದಿಂದ ಕ್ಲೋರಿನ್ ಘಾಟು, ಕಾರಿಡಾರಲ್ಲಿ ಒಟ್ಟಿದ ಕುಸ್ತಿ ಚಾಪೆಗಳಿಂದ ಒಡೆದ ಹಾಲಿನ ವಾಸನೆ, ಭಾರ ಎತ್ತೋರು ಕೈಗೆ ಬಳ್ಕೊಳ್ಳೋ ಬಿಳಿ ಪುಡಿ ಎಲ್ಲರ ಕುಂಡೆ ಮೇಲೂ ಹಸ್ತದ ಗುರುತಾಗಿ, ಈ ಕ್ರೀಡಾಕೂಟದ ಗುರುತು ಅಂತ ಅಳಿಲಿನ ವೇಷ ಹಾಕ್ಕೊಂಡು ಕುಣಿಯೋನು ಈಗ ತಲೆ ತೆಗೆದು ಕಂಕುಳಲ್ಲಿ ಇಟ್ಕೊಂಡು ಮೆಟ್ಟಿಲ ಹತ್ರ ನಿಂತಿದ್ದಾನೆ, ಆ ತಲೆಯೊಳಗೆ ಎಷ್ಟು ಜನರ ಉಸಿರು ಹಳಸಿದೆಯೋ, ಹಿಂದಿನ ಕೂಟದಿಂದ ಒಗೆದೇ ಇಲ್ಲ ಅಂತ ನಾನು ಬರೆದುಕೊಡ್ತೀನಿ.

ನನ್ನ ಕೈಯಲ್ಲಿ ಖಾಲಿ ಡಬ್ಬಿ, ನೀಲಿ ಬಣ್ಣದ್ದು, ಸೋಪಿನ ಡಬ್ಬಿಯಷ್ಟು, ಅದರೊಳಗೆ ಇರಬೇಕಾದ್ದು ಈಗ ಮಗಳ ಬಾಯಲ್ಲಿದೆ, ಆಟದಲ್ಲಿ ಹಲ್ಲು ಮುರೀಬಾರದು ಅಂತ ಕಚ್ಕೊಳ್ಳೋ ಆ ಗುಲಾಬಿ ರಬ್ಬರಿನ ಮೌತ್‌ಗಾರ್ಡು, ಬೆಂಚಲ್ಲಿ ಕೂತು ಅದನ್ನ ನಾಲಿಗೆಯಿಂದ ಅರ್ಧ ಹೊರಗೆ ತಳ್ಳಿ ಮತ್ತೆ ಒಳಗೆ ಎಳ್ಕೊಂಡು ಜಗೀತಾ ಇದ್ದಾಳೆ, ಇಷ್ಟು ದೂರಕ್ಕೂ ಆ ಗುಲಾಬಿ ಅಂಚು ಕಾಣತ್ತೆ, ನೋಡಿದವರು ಏನಂತಾರೆ ಕಣೇ ಅಂದ್ರೆ ನೋಡ್ಲಿ ಬಿಡಮ್ಮ ಅಂತಾಳೆ, ಹದಿನಾರು ತುಂಬಿದ್ರೂ ಹಾಗೇ, ಆಟ ಮುಗಿದ ಮೇಲೆ ನೇರ ನನ್ನ ಹತ್ರ ಬಂದು ಎಂಜಲು ಸೋರೋ ಹಾಗೇ ಅದನ್ನ ನನ್ನ ಅಂಗೈಗೆ ಹಾಕಿ ನೀರು ಕುಡಿಯೋಕೆ ಓಡ್ತಾಳೆ, ನಾನು ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಉಜ್ಜಿ ಡಬ್ಬಿಗೆ ಹಾಕ್ತೀನಿ, ಅದರ ಬಗ್ಗೆ ಒಂದು ದಿನಾನೂ ಮುಖ ಸಿಂಡರಿಸಿಲ್ಲ, ಯಾಕೆ ಸಿಂಡರಿಸಲಿ, ಅವಳ ವಾಂತಿ ಹಿಡಿದ ಕೈ ಇದು, ಅವಳ ಮೂಗು ಬಾಯಿಂದ ಎಳೆದ ಬಾಯಿ ಇದು, ಆ ಮೌತ್‌ಗಾರ್ಡು ತಂದ ದಿನ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಕಚ್ಚು ಅಂದಾಗ ಸುಡತ್ತೆ ಅಂತ ಕಣ್ಣಲ್ಲಿ ನೀರು ತುಂಬ್ಕೊಂಡಳು, ನಾನು ಗದ್ದ ಹಿಡಿದು ಕೂತಿದ್ದೆ, ತೆಗೆದು ನೋಡಿದ್ರೆ ಎಲ್ಲ ಹಲ್ಲಿನ ಅಚ್ಚು ಸಾಲಾಗಿ, ಮುಂದಿನ ಮುರುಕು ಹಲ್ಲು ಮಾತ್ರ ಅರ್ಧ ಗುಂಡಿ, ಅದು ನಮ್ಮ ಲಾಂಡ್ರಿ ಹಿಂದಿನ ಗೋಡೆಗೆ ಬಡ್ಕೊಂಡು ಮುರಿದದ್ದು, ಆ ಅರ್ಧ ಗುಂಡಿ ಮೇಲೆ ಹೆಬ್ಬೆರಳು ಆಡಿಸಿದ್ರೆ ಸಾಕು, ಕತ್ತಲಲ್ಲೂ ಹೇಳ್ತೀನಿ ಇದು ನನ್ನ ಮಗಳದ್ದು ಅಂತ.

ಇವತ್ತು ಬೆಳಿಗ್ಗೆ ಕೂಡ ಅದನ್ನೇ ತೊಳೀತಾ ಇದ್ದೆ, ಆಟಗಾರರಿಗೆ ಕೊಟ್ಟ ವಸತಿಯ ಕೆಳಗಿನ ಮಹಡೀಲಿ ಉದ್ದಕ್ಕೆ ಮುಖ ತೊಳೆಯೋ ಸಿಂಕುಗಳು, ನಡುವೆ ತಗಡಿನ ಮರೆ, ಆ ಕಡೆ ಗಂಡಸರು ಈ ಕಡೆ ಹೆಂಗಸರು, ಸಿಂಕಿನ ಜಾಲರಿಯಲ್ಲಿ ಯಾರದೋ ಉದ್ದ ಕೂದಲು, ಕಫ, ಅನ್ನ ತಿಂದವರಾರೋ ಅಲ್ಲೇ ಬಾಯಿ ಮುಕ್ಕಳಿಸಿದ್ದಾರೆ — ಮರೆಯಾಚೆ ಪೀಪಿ ಸಾರ್ ಹಲ್ಲುಜ್ಜೋ ಸದ್ದು, ಕೆಂಪು ತಂಡದ ಕೋಚು, ಮಲಗೋವಾಗಲೂ ಕತ್ತಲ್ಲಿ ಸೀಟಿ ನೇತುಹಾಕ್ಕೊಂಡೇ ಇರ್ತಾನಂತೆ ಅದಕ್ಕೆ ಮಕ್ಕಳು ಪೀಪಿ ಅಂತ ಹೆಸರಿಟ್ಟಿದ್ದಾರೆ, ಬಾಯಿ ತುಂಬ ನೊರೆ ಇಟ್ಕೊಂಡೇ ಮಾತು, ನಿನ್ನೆ ಅಂದ ಹಾಗೆ ಒಂದೆರಡು ಪಾಯಿಂಟಲ್ಲಿ ಬಿಟ್ಟುಬಿಡಿ ಸಾರ್, ಜಾಸ್ತಿ ಏನೂ ಬೇಡ, ನಿಮಗೂ ನಷ್ಟ ಇಲ್ಲ ನಮಗೂ ಮರ್ಯಾದೆ, ಥೂ ಅಂತ ಉಗಿದ, ಮರೆ ಕೆಳಗಿಂದ ಆ ನೊರೆ ನೀರು ಮೋರಿಯಲ್ಲಿ ನನ್ನ ಕಾಲ ಹತ್ರಾನೇ ಹರಿದು ಬಂತು, ಸ್ಪೋರ್ಟ್ಸ್ ಹಾಸ್ಟೆಲ್ ಸೀಟಿನ ಆಯ್ಕೆಗೆ ನಾನೇ ಕೂರೋದು, ನಿಮ್ಮ ಹುಡುಗಿ ಚೆನ್ನಾಗೇ ಆಡ್ತಾಳೆ, ನೋಡೋಣಂತೆ, ಅಂದ. ಇನ್ನೊಂದು ದನಿ ನಕ್ಕಿತು. ಆ ನಗು ಯಾರದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇಪ್ಪತ್ತು ವರ್ಷದಿಂದ ಪಕ್ಕದ ದಿಂಬಿನ ಮೇಲೆ ಕೇಳಿದ ನಗು, ನಮ್ಮ ತಂಡದ ಕೋಚು, ನನ್ನ ಗಂಡ, ಏನು ಸಾರ್ ನೀವು ಇಷ್ಟು ಹೇಳಬೇಕಾ, ಅವಳ ಕಾಲು ಉಳುಕಿದೆ ನೋಡಿ, ಅದೇ ನೆಪ ಸಾಕು, ಕೂರಿಸಿಬಿಡ್ತೀನಿ. ಸಾರ್ ಅಂತೆ. ಮನೇಲಿ ಹುಲಿ, ಸಿಂಕಿನ ಮುಂದೆ ಸಾರ್.

ಮೆಟ್ಟಿಲ ಹತ್ರ ಹಿಡಿದು ನಿಲ್ಲಿಸಿದೆ, ರೀ ಏನ್ರೀ ಇದು, ಅಂದ್ರೆ ಒಂದು ಸಲ ಅತ್ತ ಇತ್ತ ನೋಡಿದ್ರು, ಆಮೇಲೆ ಪಾಠ ಹೇಳೋರ ಥರ ಬೆರಳು ಮಡಚಿ, ನೋಡು, ಗುಂಪಲ್ಲಿ ಇರೋದು ಮೂರು ತಂಡ, ಮೇಲೆ ಹೋಗೋದು ಎರಡು, ನಾವು ಆ ಹಸಿರು ಅಂಗಿಯವರನ್ನ ಮೊನ್ನೆ ದೊಡ್ಡ ಅಂತರದಲ್ಲಿ ಹೊಡೆದಿದ್ದೀವಿ, ಅವರು ಪೀಪಿ ಹುಡುಗೀರನ್ನ ಹೊಡೆದಿದ್ದಾರೆ, ಇವತ್ತು ಪೀಪಿ ಹುಡುಗೀರು ನಮ್ಮನ್ನ ಸ್ವಲ್ಪದರಲ್ಲಿ ಹೊಡೆದ್ರೆ ಮೂವರಿಗೂ ಒಂದೊಂದು ಗೆಲುವು, ಆಗ ಅಂತರ ನೋಡ್ತಾರೆ, ಅಂತರ ನೋಡಿದ್ರೆ ನಾವೂ ಮೇಲೆ, ಪೀಪಿನೂ ಮೇಲೆ, ಮುಗೀತು. ಹಸಿರಿನವರು? ಅವರು ಮನೆಗೆ ಹೋಗ್ತಾರೆ, ಮಕ್ಕಳು, ಮುಂದಿನ ಸಲ ಬರ್ತಾರೆ, ನಿನಗ್ಯಾಕೆ ಅವರ ಚಿಂತೆ, ಅಮ್ಮನಾ ನೀನು ಅವರಿಗೆ. ಮಗಳಿಗೆ ಗೊತ್ತಾ ಅಂದೆ. ಇಲ್ಲ, ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ, ಅವಳು ನಿನ್ನ ಥರಾನೇ, ಸುಮ್ನೆ ತಲೆ ಕೆಡಿಸ್ಕೋತಾಳೆ, ಹೋಗು, ಬಾಟಲಿಗಳಿಗೆ ನೀರು ತುಂಬಿಸು. ಕತ್ತಲ್ಲಿ ಟವೆಲ್, ತುಟಿ ಮೂಲೇಲಿ ಒಣಗಿದ ಪೇಸ್ಟು, ಆ ಬಿಳಿ ಕಲೆ ನೋಡಿದೆ, ಹೋಗಿ ಬಾಟಲಿ ತುಂಬಿಸಿದೆ, ಹೌದು ತುಂಬಿಸಿದೆ, ಬೇರೆ ಏನು ಮಾಡ್ತಿದ್ದೆ, ಬಾಟಲಿಗಳ ಕತ್ತಲ್ಲಿ ಪಾಚಿ, ಬ್ರಷ್ ಹಾಕಿ ಹಾಕಿ ತಿಕ್ಕಿದೆ, ತಿಕ್ಕೋವಾಗ ಒಂದೇ ಮಾತು ಮನಸ್ಸಲ್ಲಿ, ಅವಳಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿಲ್ಲ, ಅವಳೇನಾದ್ರೂ ಆಟಕ್ಕೆ ಇಳಿದ್ರೆ ನೊರೆ, ನಗು, ಸಾರ್, ಎಲ್ಲ ಮೋರಿಗೆ.

ಅದಕ್ಕೇ ನೋಡ್ತಾ ಕೂತಿದ್ದೀನಿ, ಕಾಲು ಅಲ್ಲಾಡಿಸ್ತಾ, ಆಟ ನಾಲ್ಕನೇ ಭಾಗಕ್ಕೆ ಬಂದ್ರೂ ಅವಳಿನ್ನೂ ಬೆಂಚಲ್ಲೇ, ಏಳು ಜನ ಬಂದದ್ದು, ಒಬ್ಬಳು ಈ ಕ್ಯಾಂಟೀನಿನ ಪುಣ್ಯದಿಂದ ಭೇದಿ ಹಿಡಿದು ಮೇಲೆ ಮಲಗಿದ್ದಾಳೆ, ಐವರು ಒಳಗೆ, ಹೊರಗೆ ಇವಳೊಬ್ಬಳೇ, ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು, ಪಟ್ಟಿ ಬೇಕಾಗೇ ಇರ್ಲಿಲ್ಲ ಗೊತ್ತಾ, ಬೆಳಿಗ್ಗೆ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಳು, ಮಿಡತೆ ಅಂತ ಸುಮ್ನೆ ಕರೀತೀವಾ — ಎದುರಿನ ಗ್ಯಾಲರಿಯಿಂದ ಅದೇ ಕೂಗು, ಮಿಡತೆ ಬೇಕು, ಮಿಡತೆ ಬೇಕು, ಕೂಗ್ತಿರೋದು ಯಾರು ಅಂದ್ರೆ ಹಸಿರಿನವರು, ನಮ್ಮ ಕೈಲಿ ಹೊಡೆಸ್ಕೊಂಡ ಮಕ್ಕಳೇ, ಯಾಕಂದ್ರೆ ನಾವು ಗೆದ್ರೆ ಅವರೂ ಮೇಲೆ ಬರ್ತಾರೆ, ಅವರಿಗೆ ಲೆಕ್ಕ ಗೊತ್ತು, ಲೆಕ್ಕದ ಹಿಂದಿನದ್ದು ಗೊತ್ತಿಲ್ಲ, ಬ್ಯಾಗು ಎಲ್ಲ ಕಟ್ಟಿ ಕಾಲ ಬುಡದಲ್ಲಿಟ್ಕೊಂಡಿದ್ದಾರೆ, ನಾವು ಸೋತ್ರೆ ಅವರು ಇವತ್ತೇ ರೂಮು ಖಾಲಿ ಮಾಡಬೇಕು, ಅವರ ಕ್ಯಾಪ್ಟನ್ ಚೋಟಿ ಕುರ್ಚಿ ಮೇಲೆ ಹತ್ತಿ ನಿಂತಿದ್ದಾಳೆ, ಹತ್ತಿ ನಿಂತ್ರೂ ಪಕ್ಕದವಳ ಭುಜಕ್ಕೆ ಬರ್ತಾಳೆ, ಅಷ್ಟೇ ಉದ್ದ, ಮೊನ್ನೆ ಅವರ ಮೇಲೆ ಆಡೋವಾಗ ನಮ್ಮವಳ ಕಾಲು ಹೊರಳ್ತಲ್ಲ, ಇವರು ನಮ್ಮ ಕೋಚು ಸಾಹೇಬ್ರು ಸ್ಕೋರ್ ನೋಡ್ತಾ ನಿಂತಿದ್ರು, ಆ ಚೋಟಿ ಸೋತ ಮುಖದಲ್ಲೇ ಓಡಿ ಹೋಗಿ ಎಲ್ಲಿಂದಲೋ ಐಸು ತಂದಳು, ತನ್ನ ಸ್ವಂತ ಟವೆಲಲ್ಲಿ ಸುತ್ತಿ, ಒತ್ತಿ ಹಿಡೀರಿ ಆಂಟಿ, ಊದಿಕೊಳ್ಳಲ್ಲ, ನಮ್ಮ ಮಾಮ ಹೀಗೇ ಮಾಡೋದು, ಅಂತ. ಕಣ್ಣಂಚಲ್ಲಿ ಅತ್ತ ಗುರುತು ಇನ್ನೂ ಒದ್ದೆಯಾಗಿತ್ತು. ಆ ಟವೆಲ್ ನನ್ನ ಬ್ಯಾಗಲ್ಲಿದೆ, ಒಗೆದು ಒಣಗಿಸಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೀನಿ, ಅಂಚಲ್ಲಿ ಕೆಂಪು ದಾರದಲ್ಲಿ ಅವಳಮ್ಮ ಒಂದು ಹೂ ಹಾಕಿದ್ದಾಳೆ, ಸೊಟ್ಟಸೊಟ್ಟ ಹೂ, ಇಡೀ ಕ್ರೀಡಾಂಗಣದಲ್ಲಿ ಮುಟ್ಟೋಕೆ ಯೋಗ್ಯವಾದದ್ದು ಅದೊಂದೇ.

ಟವೆಲ್ — ಟವೆಲಲ್ಲೇ ಅಲ್ವಾ ನಾನು ಅವಳಿಗೆ ಕಲಿಸಿದ್ದು, ಲಾಂಡ್ರಿ ಹಿಂದಿನ ಗೋಡೆ ಮೇಲೆ ಬಟ್ಟೆಗೆ ಗುರುತು ಹಾಕೋ ಮಸಿಯಲ್ಲಿ ಒಂದು ಚೌಕ ಬರೆದು, ನಾನೂ ಮದುವೆಗೆ ಮುಂಚೆ ಆಡ್ತಿದ್ದೆ ತಾನೆ, ಕಾಲೇಜು ತಂಡದಲ್ಲಿ ಫ್ರೀ ಥ್ರೋ ಬಂದ್ರೆ ನನ್ನನ್ನೇ ಮುಂದೆ ತಳ್ತಿದ್ರು, ಇವರಿಗೆ ಬರೋದು ಬರೀ ಕೂಗಾಡೋದು, ಕೈ ಹಿಡಿದು ಹಾಕಿಸಿದ್ದು ನಾನು, ಹತ್ತು ವರ್ಷದ ಹುಡುಗಿಗೆ ಒಂದು ಚಾಳಿ, ಎಸೆಯೋವಾಗ ಬಲ ಮೊಣಕೈ ಹೊರಗೆ ಹೋಗೋದು, ಕೋಳಿ ರೆಕ್ಕೆ ಬಿಚ್ಚಿದ ಹಾಗೆ, ಚೆಂಡು ಪ್ರತಿಸಲ ಎಡಕ್ಕೆ, ಆಸ್ಪತ್ರೆ ಟವೆಲ್ ಮಡಚಿ ಕಂಕುಳಲ್ಲಿ ಸಿಕ್ಕಿಸಿದೆ, ಟವೆಲ್ ಬಿದ್ರೆ ಬಾಸ್ಕೆಟ್ ಬಿದ್ರೂ ಲೆಕ್ಕಕ್ಕಿಲ್ಲ ಅಂದೆ, ಬೀಳೋದು, ಎತ್ಕೊಳ್ಳೋಳು, ಬೀಳೋದು, ಕೋಪ ಬಂದು ಟವೆಲ್ ನನ್ನ ಮುಖಕ್ಕೆ ಎಸೆದಳು, ವಾಪಸ್ ಕೊಟ್ಟೆ, ಒಂದು ಇಡೀ ವರ್ಷ, ಬಾಯ್ಲರಿನ ಹಬೆ, ಬ್ಲೀಚಿನ ಘಾಟು, ನನ್ನ ಊಟದ ಹೊತ್ತೆಲ್ಲ ಅದಕ್ಕೇ, ಒಂದು ದಿನ ಟವೆಲ್ ಬೀಳೋದು ನಿಂತಿತು, ಆಮೇಲೆ ತೆಗೆದ್ರೂ ಮೊಣಕೈ ಹೊರಗೆ ಹೋಗಲಿಲ್ಲ, ಈಗ ನಿದ್ದೆಯಲ್ಲಿ ಎಬ್ಬಿಸಿ ಗೆರೆ ಮೇಲೆ ನಿಲ್ಲಿಸಿದ್ರೂ ಹಾಕ್ತಾಳೆ, ಗೋಡೆಗೆ ಗುರಿ ಇಡೋ ಮುಂಚೆ ಮೂಗಿನಿಂದ ಒಂದು ಸಲ ಉಸಿರು ಬಿಡ್ತಾಳಲ್ಲ, ಅದು ಕೂಡ ನನ್ನದೇ.

ರೆಫ್ರಿ ಸೀಟಿ ಊದಿದ, ನಮ್ಮ ಉದ್ದ ಹುಡುಗಿಗೆ ಐದನೇ ಫೌಲು, ಹೊರಗೆ, ಪಾಪ ಅದು ಅಳ್ತಾ ಬರ್ತಿದೆ, ಮೂಗಿಂದ ಸಿಂಬಳದ ಗುಳ್ಳೆ, ಈಗ ಏನ್ ಮಾಡ್ತೀರ ಸಾರ್, ಈಗ ನಿಮ್ಮ ನೆಪ ಎಲ್ಲಿಗೆ ಹೋಯ್ತು, ಬೆಂಚಲ್ಲಿ ಇರೋಳು ಒಬ್ಬಳೇ, ನಾಲ್ವರನ್ನ ಆಡಿಸ್ತೀರಾ, ಇಡೀ ಗ್ಯಾಲರಿ ನೋಡ್ತಿದೆ, ಪೀಪಿ ಆ ಕಡೆಯಿಂದ ಇವರನ್ನೇ ನೋಡ್ತಿದ್ದಾನೆ, ಇವರು ಬೆವರು ಒರೆಸ್ಕೋಬೇಕಿತ್ತು, ಒರೆಸ್ಕೊಳ್ಳಲಿಲ್ಲ, ಆರಾಮಾಗಿ ಬೆಂಚಿನ ಹತ್ರ ಹೋಗಿ ಅವಳ ಭುಜದ ಮೇಲೆ ಕೈ ಇಟ್ಟು ಕಿವಿಯಲ್ಲಿ ಏನೋ ಅಂದ್ರು, ಕಾಲು ಜೋಪಾನ ಅಂದಿರಬೇಕು, ಎಷ್ಟಾದ್ರೂ ಅಪ್ಪ, ಅವಳು ತಲೆ ಅಲ್ಲಾಡಿಸಿ ಎದ್ದಳು, ಮೌತ್‌ಗಾರ್ಡ್ ಒಳಗೆ ಎಳ್ಕೊಂಡಳು, ಎದುರಿನ ಗ್ಯಾಲರಿ ಹುಚ್ಚೆದ್ದಿತು, ಚೋಟಿ ಕುರ್ಚಿ ಮೇಲೆ ಕುಣೀತಿದ್ದಾಳೆ, ಮಿಡತೆ, ಮಿಡತೆ, ಮಿಡತೆ, ನನಗೂ ಬಾಯಿ ಬಂತು, ಎದ್ದು ನಿಂತೆ, ಮೊಟ್ಟೆ ತಿಂದವನು ಹಿಂದೆ ತಿರುಗಿ ನೋಡಿದ, ನೋಡು ನೋಡು, ಕತ್ತು ಒರೆಸ್ಕೋ ಮೊದಲು.

ಕೆಂಪಿನವರು ಒಂದೇ ಪಾಯಿಂಟ್ ಮುಂದೆ, ಚೆಂಡು ಅವರ ಕೈಲೇ, ಇನ್ನು ಕೆಲವೇ ಸೆಕೆಂಡು, ಸುಮ್ನೆ ಅತ್ತ ಇತ್ತ ಕೊಟ್ಕೊಂಡು ಕಾಲ ಕಳೀತಿದ್ದಾರೆ, ಥೂ ಇದೂ ಒಂದು ಆಟವಾ, ಜಡೆ ಹುಡುಗಿಯಿಂದ ಕನ್ನಡಕದವಳಿಗೆ, ಕನ್ನಡಕದವಳಿಂದ ಜಡೆ ಹುಡುಗಿಗೆ — ನಡುವೆ ಒಂದು ಕೈ, ನನ್ನ ಮಗಳ ಕೈ, ಎಲ್ಲಿತ್ತೋ ಯಾವಾಗ ಬಂತೋ, ಚೆಂಡು ಕಿತ್ಕೊಂಡು ಓಡಿಬಿಟ್ಟಳು, ಪಟ್ಟಿ ಬಿಚ್ಚಿ ಹಿಂದೆ ಬಾಲದ ಹಾಗೆ, ಹಾರಿದಳು, ನನ್ನ ಹೊಟ್ಟೆ ಅವಳ ಜೊತೆ ಮೇಲಕ್ಕೆ ಹೋಯ್ತು, ಜಡೆ ಹುಡುಗಿ ಹಿಂದಿನಿಂದ ಬಂದು ತೋಳಿಗೆ ಹೊಡೆದಳು, ಚೆಂಡು ಹೊರಗೆ, ಇವಳು ನೆಲದ ಮೇಲೆ ಜಾರಿ ಹೋಗಿ ಕಂಬದ ಮೆತ್ತೆಗೆ ಬಡ್ಕೊಂಡಳು, ಸೀಟಿ. ಫೌಲ್. ಎರಡು ಫ್ರೀ ಥ್ರೋ. ಗಡಿಯಾರದಲ್ಲಿ ಉಳಿದದ್ದು ಒಂದು ಸೀನು ಸೀನೋಷ್ಟು ಹೊತ್ತು, ಒಂದು ಹಾಕಿದ್ರೆ ಸಮ, ಎರಡೂ ಹಾಕಿದ್ರೆ ಗೆಲುವು, ಅವಳು ಎರಡೂ ಹಾಕ್ತಾಳೆ, ಇದನ್ನ ನಾನು ನೀರು ಹರಿಯತ್ತೆ ಅನ್ನೋ ಹಾಗೆ ಹೇಳ್ತೀನಿ, ಆಗ ಪೀಪಿ ನೊರೆ ನುಂಗಬೇಕು, ಇವರು ರಾತ್ರಿ ಗೋಡೆ ಕಡೆ ತಿರುಗಿ ಮಲಗಬೇಕು, ಹಾಸ್ಟೆಲ್ ಸೀಟು ಹೋದ್ರೆ ಹೋಗ್ಲಿ, ಲಾಂಡ್ರಿ ಗೋಡೆ ಎಲ್ಲೂ ಹೋಗಲ್ಲ, ಆ ಹಸಿರು ಮಕ್ಕಳು ಕಟ್ಟಿದ ಬ್ಯಾಗು ಬಿಚ್ಚಲಿ, ಚೋಟಿಗೆ ಟವೆಲ್ ಕೊಡೋವಾಗ ಒಳಗೆ ನಾಲ್ಕು ಚಾಕೊಲೇಟ್ ಇಟ್ಟು ಕೊಡ್ತೀನಿ.

ಗೆರೆ ಮೇಲೆ ನಿಂತಿದ್ದಾಳೆ. ಮೊಣಕಾಲು ಕೆಂಪಾಗಿದೆ, ಒರೆಸ್ಕೊಳ್ಳಲೂ ಇಲ್ಲ. ಎಲ್ಲ ಗದ್ದಲ ನಿಂತಿದೆ, ಅಳಿಲು ಕೂಡ ತಲೆ ಹಾಕ್ಕೊಳ್ಳೋದು ಮರೆತು ನೋಡ್ತಿದೆ, ರೆಫ್ರಿ ಚೆಂಡು ಕೊಟ್ಟ, ಕುಟ್ಟಿದಳು, ಮೂಗಿಂದ ಉಸಿರು ಬಿಟ್ಟಳು, ಎತ್ತಿದಳು — ಮೊಣಕೈ, ಮೊಣಕೈ ಕಣೇ, ನಾನು ಕಿರುಚಿದೆ ಅಂತ ಕಾಣತ್ತೆ, ಬಲ ಮೊಣಕೈ ಹೊರಗೆ ಹೋಯ್ತು, ಕೋಳಿ ರೆಕ್ಕೆ, ಚೆಂಡು ರಿಮ್ಮಿನ ಎಡಗಡೆಗೆ ಬಡಿದು ಹೊರಗೆ, ಅಯ್ಯೋ, ನನ್ನ ಕಂಕುಳಲ್ಲೇ ಏನೋ ಬಿದ್ದ ಹಾಗಾಯ್ತು, ಐದು ವರ್ಷ ಆಗಿತ್ತು ಆ ಮೊಣಕೈ ಹೊರಗೆ ಹೋಗಿ, ತೋಳಿಗೆ ಪೆಟ್ಟು ಬಿದ್ದಿದೆ ಅದಕ್ಕೆ, ಹೆದರಿದ್ದಾಳೆ ಕೂಸು, ಇಷ್ಟು ಜನ ನೋಡ್ತಿದ್ರೆ ಯಾರಿಗಾದ್ರೂ ಹಳೇ ಚಾಳಿ ಬರತ್ತೆ, ಪರವಾಗಿಲ್ಲ, ಇನ್ನೊಂದಿದೆ, ಸಮ ಮಾಡು, ಸಮ ಆದ್ರೆ ಇನ್ನೊಂದು ಸುತ್ತು ಆಡಿಸ್ತಾರೆ, ಆಗ ನೋಡ್ಕೋಬಹುದು, ಟವೆಲ್ ನೆನಪು ಮಾಡ್ಕೋ, ಟವೆಲ್ ಕಂಕುಳಲ್ಲಿದೆ ಅಂದ್ಕೋ, ಚೋಟಿ ಎರಡೂ ಕೈಲಿ ಬಾಯಿ ಮುಚ್ಕೊಂಡಿದ್ದಾಳೆ, ಮಗಳು ಒಂದು ಸಲ ಬೆಂಚಿನ ಕಡೆ ನೋಡಿದಳು, ಇವರು ಶೂ ಲೇಸು ಕಟ್ಟೋರ ಥರ ಬಗ್ಗಿದ್ರು, ಅವಳು ಮತ್ತೆ ಚೆಂಡು ಕುಟ್ಟಿದಳು, ಉಸಿರು ಬಿಟ್ಟಳು, ಎತ್ತಿದಳು, ಮೊಣಕೈ ಒಳಗೆ, ಆಹಾ, ಗೆರೆ ಎಳೆದ ಹಾಗೆ ನೇರ, ಮಣಿಕಟ್ಟು ಮಡಚಿದ್ದು ಎಷ್ಟು ಚೆಂದ, ನಾನು ಕಲಿಸಿದ ಹಾಗೇ, ಕೂದಲೆಳೆಯಷ್ಟೂ ಅತ್ತ ಇತ್ತ ಇಲ್ಲ, ನೇರ ಹೋಗಿ ರಿಮ್ಮಿನ ಮುಂದಿನ ಅಂಚಿಗೆ ಟಣ್ ಅಂತ ಬಡಿದು ಹಾಗೇ ಕೆಳಗೆ ಬಿತ್ತು.

ಗಿಡ್ಡ. ಒಂದು ಗೇಣು ಗಿಡ್ಡ. ಕೆಂಪು ಕೈಗಳು ಚೆಂಡು ಹಿಡಿದವು, ಗಂಟೆ ಹೊಡೀತು, ಮೊಟ್ಟೆ ತಿಂದವನು ಕುರ್ಚಿ ಮೇಲೆ ಹತ್ತಿ ಕುಣೀತಿದ್ದಾನೆ, ನಾನು ಇನ್ನೂ ಆ ರಿಮ್ಮಿನ ಅಂಚನ್ನೇ ನೋಡ್ತಿದ್ದೀನಿ, ಹೆದರಿದವಳ ಚೆಂಡು ಹಾಗೆ ಹೋಗಲ್ಲ, ಹೆದರಿದ್ರೆ ಅಡ್ಡ ಹೋಗತ್ತೆ, ಅಥವಾ ಜೋರಾಗಿ ಹೋಗಿ ಬೋರ್ಡಿಗೆ ಬಡಿಯತ್ತೆ, ಅಷ್ಟು ನೇರ ಹೋಗಿ ಅಷ್ಟೇ ಅಷ್ಟು ಗಿಡ್ಡ ಬೀಳಬೇಕಾದ್ರೆ ಕೈಗೆ ಪೂರ್ತಿ ಗೊತ್ತಿರಬೇಕು, ಎಲ್ಲಿ ಬೀಳಬಾರದು ಅಂತ, ಇಲ್ಲ, ಇಲ್ಲ, ಅವಳಿಗೆ ಗೊತ್ತಿಲ್ಲ, ಇವರೇ ಹೇಳಿದ್ರಲ್ಲ ಅವಳಿಗೆ ಹೇಳಿಲ್ಲ ಅಂತ, ಚೆಂಡು ಕಿತ್ಕೊಂಡು ಓಡಿದಳಲ್ಲ, ಗೊತ್ತಿದ್ದವಳು ಹಾಗೆ ಓಡ್ತಾಳಾ — ಓಡೋವಾಗ ಮೈ ಓಡತ್ತೆ, ಯೋಚನೆಗೆ ಪುರುಸೊತ್ತಿರಲ್ಲ, ಗೆರೆ ಮೇಲೆ ನಿಂತಾಗ ಇರತ್ತೆ, ಬೆಂಚಿನ ಕಡೆ ನೋಡೋಕೆ ಪುರುಸೊತ್ತಿರತ್ತೆ — ಮತ್ತೆ ಆ ಮೊದಲನೇದು, ಮೊಣಕೈ, ಹೆದರಿ ಬಂದ ಹಳೇ ಚಾಳಿ ಅಂದ್ಕೊಂಡೆನಲ್ಲ, ಮೊದಲನೇದಕ್ಕೆ ಹೆದರಿದ ಕೈ ಎರಡನೇದಕ್ಕೆ ಅಷ್ಟು ತಣ್ಣಗೆ ಹೇಗಾಯ್ತು, ನಾನು ತಿದ್ದಿದ ತಪ್ಪನ್ನ ಇಷ್ಟು ವರ್ಷ ಎಲ್ಲೋ ಮಡಚಿ ಇಟ್ಟಿದ್ದು, ಇವತ್ತು ಬೇಕಾದಾಗ ಬಿಚ್ಚಿ ತೊಟ್ಕೊಂಡಳು ಅಂತಾನಾ, ಬಾಯಿ ಮುಚ್ಚು, ನಿನ್ನ ಮಗಳು ಕಣೇ ಅವಳು, ಹೊಲಸು ನೋಡಿ ನೋಡಿ ನಿನ್ನ ಕಣ್ಣಿಗೇ ಹೊಲಸು ಅಂಟಿದೆ.

ಆಂಟಿ. ಪಕ್ಕದಲ್ಲಿ ಚೋಟಿ, ಬೆನ್ನ ಮೇಲೆ ಅವಳಿಗಿಂತ ದೊಡ್ಡ ಬ್ಯಾಗು, ಕಣ್ಣು ಮೂಗು ಎಲ್ಲ ಕೆಂಪು, ಆಂಟಿ ನಮ್ಮ ಬಸ್ಸು ಹೊರಡತ್ತೆ, ಟವೆಲ್ ಇದ್ರೆ ಕೊಡ್ತೀರಾ, ಅಮ್ಮ ಬೈತಾರೆ. ಬ್ಯಾಗ್ ಜಿಪ್ ಎಳೆಯೋಕೆ ಆಗ್ತಿಲ್ಲ ನನಗೆ, ಅವಳೇ ಎಳೆದಳು, ಟವೆಲ್ ತಗೊಂಡು ಮೂಸಿ ನೋಡಿದಳು, ಅಬ್ಬ ಎಷ್ಟು ಚೆನ್ನಾಗಿ ಒಗೆದಿದ್ದೀರ ಆಂಟಿ, ಅಂದಳು, ಆಮೇಲೆ ನಿಂತಳು, ಹೋಗಲಿಲ್ಲ, ಅವಳಿಗೆ ಹೇಳಿ ಆಂಟಿ ಬೇಜಾರು ಮಾಡ್ಕೋಬೇಡ ಅಂತ, ಕಾಲು ನೋವಲ್ಲೂ ಎಷ್ಟು ಚೆನ್ನಾಗಿ ಓಡಿದಳು, ನಾನೂ ಎಷ್ಟೋ ಸಲ ಮಿಸ್ ಮಾಡಿದ್ದೀನಿ, ಎಲ್ಲರಿಗೂ ಆಗತ್ತೆ. ಹೂಂ ಅಂದೆ. ಅವಳು ಟವೆಲ್ ಕತ್ತಿಗೆ ಸುತ್ತಿ ಅದರ ತುದಿಯಲ್ಲೇ ಮೂಗು ಒರೆಸ್ಕೊಂಡು ಹೋದಳು, ಆ ಸೊಟ್ಟಸೊಟ್ಟ ಹೂವಿನ ತುದಿಯಲ್ಲಿ, ನನಗೆ ಅದು ಗಲೀಜು ಅಂತ ಅನ್ನಿಸಲೇ ಇಲ್ಲ, ಹಸಿರು ಅಂಗಿಗಳು ಒಬ್ಬರ ಹಿಂದೆ ಒಬ್ಬರು ಬಾಗಿಲ ಕಡೆ, ಆ ಕಡೆ ಪೀಪಿ ಇವರ ಕೈ ಕುಲುಕ್ತಾ ಇದ್ದಾನೆ, ಎರಡೂ ಕೈಲಿ ಹಿಡಿದು, ಒಳ್ಳೇ ಆಟ ಸಾರ್ ಒಳ್ಳೇ ಆಟ, ಇಬ್ಬರ ಅಂಗೈ ಬೆವರೂ ಒಂದಾಗಿ.

ಮಗಳು ಬರ್ತಿದ್ದಾಳೆ, ಮೆಟ್ಟಿಲು ಹಾರ್ಕೊಂಡು, ಎರಡೆರಡು, ಹಾರಬೇಡ ಕಾಲು ಅನ್ನೋಕೆ ಬಾಯಿ ತೆಗೆದೆ, ಮುಖ ನೋಡಿದೆ, ಅತ್ತಿರಬೇಕು ಅಂತ ನೋಡಿದೆ, ಅಳ್ಲಿ, ಒಂದು ಹನಿ ಇರ್ಲಿ, ದೇವರೇ ಒಂದು ಹನಿ, ಇಲ್ಲ, ಬಾಯಿ ತುಂಬ ಗುಲಾಬಿ, ನಗ್ತಿದ್ದಾಳೆ, ಮೌತ್‌ಗಾರ್ಡ್ ಇನ್ನೂ ಕಚ್ಕೊಂಡೇ ಇದ್ದಾಳೆ, ಪಕ್ಕ ಕೂತಳು, ಬಿಸಿ ಬಿಸಿ ಮೈ, ಬೆವರು, ನನ್ನ ಭುಜಕ್ಕೆ ಭುಜ ತಾಗಿಸಿ ಕಿವಿ ಹತ್ರ ಬಗ್ಗಿದಳು, ಏನಮ್ಮ ಅಷ್ಟು ಜೋರಾಗಿ ಮೊಣಕೈ ಅಂತ ಕೂಗಿದೆ, ನಗು ಬಂದುಬಿಡ್ತಿತ್ತು ನನಗೆ, ರಬ್ಬರಿನಿಂದಾಗಿ ಮಾತು ತೊದಲ್ತಿದೆ, ಅಪ್ಪ ನನಗೆ ನಿನ್ನೆ ರಾತ್ರೀನೇ ಹೇಳಿದ್ರು, ನಿನಗೆ ಹೇಳಬೇಡ ಅಂದಿದ್ರು, ನೀನು ಸುಮ್ನೆ ತಲೆ ಕೆಡಿಸ್ಕೋತೀಯ ಅಂತ. ಚೆಂಡು ಕೈಗೆ ಬಂದಾಗ ಮರೆತೇಹೋಯ್ತು ನೋಡು, ಆಮೇಲೆ ಹೇಗೋ ಸರಿ ಮಾಡಿದೆ. ಹಸಿರಿನವರು ಅಂದೆ ನಾನು. ಪಾಪ ಅಲ್ವಾ, ಅಂದಳು, ಅನ್ನೋವಾಗ ಬಾಗಿಲ ಕಡೆ ನೋಡಲೂ ಇಲ್ಲ, ಬಾಯಿಗೆ ಎರಡು ಬೆರಳು ಹಾಕಿ ಎಳೆದಳು, ಎಂಜಲಿನ ದಾರ ತುಟಿಯಿಂದ ಅದರವರೆಗೆ ನೂಲಾಗಿ ಜಗ್ಗಿ ಕಡೀತು, ನನ್ನ ಅಂಗೈ ಬಿಡಿಸಿ ಹಾಕಿದಳು, ದಿನಾ ಹಾಕೋ ಹಾಗೆ, ನೀರು ಕುಡಿಯೋಕೆ ಓಡಿದಳು.

ಬೆಚ್ಚಗಿದೆ. ತೊಳೀಬೇಕು, ಎದ್ದು ನಲ್ಲಿ ಹತ್ರ ಹೋಗಬೇಕು, ಡಬ್ಬಿ ಇನ್ನೊಂದು ಕೈಲೇ ಇದೆ, ಮುಚ್ಚಳ ತೆಗೆದರೆ ಆಯ್ತು, ಕೀವು ಮುಟ್ಟಿದ ಕೈ, ರಕ್ತ ಹಿಂಡಿದ ಕೈ, ಬೆರಳು ಮಡಚ್ತಾ ಇಲ್ಲ, ಅಂಗೈ ನಡುವೆ ಒದ್ದೆ ಗುಲಾಬಿ, ಸಾಲಾಗಿ ಹಲ್ಲಿನ ಅಚ್ಚು, ಎಲ್ಲ ಇವೆ, ಮುಂದೆ ಆ ಅರ್ಧ ಗುಂಡಿ, ಅದರೊಳಗೆ ಒಂದು ಹನಿ ಎಂಜಲು, ನನ್ನ ಗಂಟಲಿಗೆ ಹುಳಿ ನೀರು ಬಂತು, ಕೈ ದೂರ ಚಾಚಿ ಹಿಡಿದು ಕೂತಿದ್ದೀನಿ, ಮೈಯಿಂದ ಎಷ್ಟು ದೂರ ಆಗತ್ತೋ ಅಷ್ಟು ದೂರ, ಹನಿ ಅಲ್ಲಾಡ್ತಿದೆ, ಆ ಅರ್ಧ ಗುಂಡಿ, ಆ ಅರ್ಧ ಗುಂಡಿ